ಅಕ್ಷರ, ಮಿದುಳು ಮತ್ತು ಓದು: ಕನ್ನಡ ಬೋಧನೆಯ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

1. ಪ್ರವೇಶ

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಸಾಗುವ ಅವೆನ್ಯೂ ರಸ್ತೆ ಕನ್ನಡ ಅಧ್ಯಾಪಕರಿಗೂ ಸಂಶೋಧಕರಿಗೂ ಅಪರಿಚಿತವಾದುದಲ್ಲ. ದೊಡ್ಡಪೇಟೆ ಎಂಬುದು ಇದರ ಹಳೆಯ ಹೆಸರು. ಹಳೆಯ ಪುಸ್ತಕಗಳ ರಾಶಿಯ ನಡುವೆ ಅಲಭ್ಯವಾದ ಕೃತಿಯೊಂದನ್ನು ಇಲ್ಲಿ ಹುಡುಕಿ ಪಡೆದ ಅನುಭವ ನಮ್ಮಲ್ಲಿ ಅನೇಕರಿಗೆ ಇದೆ. ಬಿ.ಎಲ್. ರೈಸ್ ಅವರ ತಂದೆ, ಮಿಷನರಿ ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತ ಚರ್ಚು ಇರುವುದೂ ಇದೇ ಬೀದಿಯಲ್ಲಿ. ಕನ್ನಡದ ಅಕ್ಷರಲೋಕದೊಡನೆ ಈ ಬೀದಿಗೆ ಇರುವ ನಂಟು ಹೀಗೆ ಹಲವು ಬಗೆಯದು.

ಶಾಲೆಗಳು ಆರಂಭವಾಗುವ ಜೂನ್ ತಿಂಗಳೊಂದರಲ್ಲಿ ಅಲ್ಲಿನ ಅಂಗಡಿಯ ಮುಂದೆ ಕಂಡ ಒಂದು ಪ್ರಸಂಗ ಪ್ರಸ್ತುತ ಬರಹಕ್ಕೆ ಪ್ರೇರಣೆಯಾಯಿತು. ತಂದೆಯೊಬ್ಬರು ಮಗನ ಕೈಹಿಡಿದು ಬಂದು ಕಾಗುಣಿತದ ಪುಸ್ತಕ ಕೇಳಿದರು. ‘ಒಂದನೇ ಕ್ಲಾಸಿಗಾ?’ ಎಂದು ಅಂಗಡಿಯವರು ಕೇಳಿದಾಗ, ‘ಇಲ್ಲ ಸಾರ್, ಆರನೇ ಕ್ಲಾಸು. ಇನ್ನೂ ಒತ್ತಕ್ಷರ ಓದೋಕೆ ಬರಲ್ಲ. ಬರೀ ಸೋಮಾರಿ’ ಎಂದರು. ಹುಡುಗ ತಲೆ ತಗ್ಗಿಸಿದ. ಆದರೆ ಅಂಗಡಿಯವರು ಮೂರು ಪುಸ್ತಕಗಳ ಬೆಲೆಯನ್ನು ಹೇಳಿ ಲೆಕ್ಕದ ಯಂತ್ರಕ್ಕೆ ಕೈಹಾಕುವಷ್ಟರಲ್ಲಿ ಒಟ್ಟು ಮೊತ್ತವನ್ನು ಸರಿಯಾಗಿ ಹೇಳಿದವನು ಆ ಹುಡುಗನೇ. ಲೆಕ್ಕ, ಮಾತು, ನೆನಪು ಎಲ್ಲವೂ ಚುರುಕಾಗಿದ್ದ ಮಗುವಿಗೆ ಓದು ಮಾತ್ರ ಏಕೆ ಒಲಿಯಲಿಲ್ಲ? ಇದನ್ನು ಸೋಮಾರಿತನವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ?

ಮನುಷ್ಯನ ನಡವಳಿಕೆಯನ್ನು ಮಿದುಳು ಮತ್ತು ನರಮಂಡಲ ಹೇಗೆ ರೂಪಿಸುತ್ತವೆ ಎಂಬುದು ವಿಶಾಲವಾದ ವಿಷಯ. ಓದು ಎಂಬ ಒಂದು ನಡವಳಿಕೆಯನ್ನು ಮಾತ್ರ ಆಯ್ದುಕೊಂಡು, ಅದನ್ನು ಕನ್ನಡ ಲಿಪಿಯ ಸ್ವರೂಪದೊಂದಿಗೆ ಹೋಲಿಸಿ ನೋಡುವುದು ಮತ್ತು ಅದರಿಂದ ಭಾಷಾಬೋಧನೆಗೆ ದೊರೆಯುವ ತಿಳಿವನ್ನು ಗುರುತಿಸುವುದು ಈ ಲೇಖನದ ಉದ್ದೇಶವಾಗಿದೆ.

2. ನಾಭಿಯಿಂದ ಮಿದುಳಿಗೆ

ಮಾತು ದೇಹದಲ್ಲಿ ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆ ನಮ್ಮ ವೈಯಾಕರಣರಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಜೀವದ ಇಚ್ಛೆಯಿಂದ ಪ್ರೇರಿತವಾದ ಗಾಳಿಯ ಮೂಲಕ ನಾಭಿಮೂಲದಲ್ಲಿ ಶಬ್ದವು ಕಹಳೆಯ ಆಕಾರದಲ್ಲಿ ಹುಟ್ಟುತ್ತದೆ ಎಂದು ವಿವರಿಸಿದ್ದಾನೆ. ಶಬ್ದೋತ್ಪತ್ತಿಗೆ ಉಸಿರು ಮತ್ತು ಇಚ್ಛೆ ಎರಡೂ ಬೇಕೆಂಬ ಅವನ ಗ್ರಹಿಕೆ ಗಮನಾರ್ಹವಾದುದು. ಆ ಇಚ್ಛೆ ದೇಹದ ಯಾವ ಅಂಗದಲ್ಲಿ ನೆಲೆಸಿದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, ಮಾತನ್ನು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಾಗಿರುವುದನ್ನು ತೋರಿಸಿದನು. ಆ ರೋಗಿಯ ಬಾಯಿಂದ ಹೊರಡುತ್ತಿದ್ದುದು ಬಹುಮಟ್ಟಿಗೆ ‘ಟಾನ್’ ಎಂಬ ಒಂದೇ ಸದ್ದು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ, ಮಾತನಾಡಬಲ್ಲ ಆದರೆ ಅರ್ಥೈಸಿಕೊಳ್ಳಲಾರದ ರೋಗಿಗಳನ್ನು ಕುರಿತು ಬರೆದನು. ಮಾತು ಒಂದೇ ಶಕ್ತಿಯಲ್ಲ, ಹಲವು ಶಕ್ತಿಗಳ ಕೂಟ ಎಂಬುದು ಇದರಿಂದ ಸ್ಪಷ್ಟವಾಯಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಜೂಲ್ಸ್ ಡೆಜೆರಿನ್ 1892ರಲ್ಲಿ ಪ್ರಕಟಿಸಿದ ಪ್ರಕರಣ. ಪ್ಯಾರಿಸ್ಸಿನ ನಿವೃತ್ತ ವ್ಯಾಪಾರಿಯೊಬ್ಬನಿಗೆ 1887ರಲ್ಲಿ ಇದ್ದಕ್ಕಿದ್ದಂತೆ ಓದಲು ಬಾರದಂತಾಯಿತು. ಅವನ ಮಾತು ಕೆಟ್ಟಿರಲಿಲ್ಲ, ವಸ್ತುಗಳನ್ನು ಅವನು ಗುರುತಿಸುತ್ತಿದ್ದನು, ಬರೆಯಲೂ ಬಲ್ಲವನಾಗಿದ್ದನು. ಆದರೆ ತಾನೇ ಬರೆದುದನ್ನು ತಾನು ಓದಲಾರನು! ಅಕ್ಷರದ ಗೆರೆಗಳ ಮೇಲೆ ಬೆರಳಾಡಿಸಿದಾಗ ಮಾತ್ರ ಅದು ಯಾವ ಅಕ್ಷರವೆಂದು ಅವನಿಗೆ ಹೊಳೆಯುತ್ತಿತ್ತು. ಕಣ್ಣು ಕಂಡ ಅಕ್ಷರರೂಪವು ಭಾಷೆಯ ನೆಲೆಗಳನ್ನು ತಲುಪುವ ದಾರಿ ಕಡಿದುಹೋಗಿದ್ದುದೇ ಇದಕ್ಕೆ ಕಾರಣವಾಗಿತ್ತು. ಬೆರಳಿನ ದಾರಿ ಮಾತ್ರ ಉಳಿದಿತ್ತು. ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಹಳೆಯ ಕೂಲಿಮಠಗಳ ಪದ್ಧತಿಯನ್ನು ಬಲ್ಲವರಿಗೆ ಈ ವಿವರ ಅರ್ಥಪೂರ್ಣವೆನಿಸದಿರದು.

ಇಂತಹ ಅಧ್ಯಯನ ಕನ್ನಡದಲ್ಲಿಯೂ ನಡೆದಿದೆ. ವಾಕ್ ಮತ್ತು ಭಾಷಾದೋಷಗಳ ತಜ್ಞೆ ಪ್ರತಿಭಾ ಕಾರಂತ ಅವರು 1981ರಲ್ಲಿ ಕನ್ನಡ–ಇಂಗ್ಲಿಷ್ ದ್ವಿಭಾಷಿಕರೊಬ್ಬರಲ್ಲಿ ಕಂಡುಬಂದ ಶುದ್ಧ ಓದುನಷ್ಟವನ್ನು ಕುರಿತು ‘ಕಾರ್ಟೆಕ್ಸ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. 1985ರಲ್ಲಿ ದ್ರಾವಿಡ ಭಾಷೆಯೊಂದರ ಓದುದೋಷವನ್ನು ಕುರಿತ ಅವರ ಮತ್ತೊಂದು ಲೇಖನ ಪ್ರಕಟವಾಯಿತು. ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲದ ಇಂಗ್ಲಿಷಿನಂತಹ ಭಾಷೆಯನ್ನು ಆಧರಿಸಿ ಮಾಡಿದ ಓದುದೋಷಗಳ ವರ್ಗೀಕರಣವನ್ನು, ಬರೆದಂತೆ ಬಹುಮಟ್ಟಿಗೆ ಓದುವ ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬ ವಿಚಾರ ಇಂತಹ ಅಧ್ಯಯನಗಳಿಂದ ಬಲಗೊಂಡಿತು. ಕನ್ನಡ ವಿಭಾಗಗಳಲ್ಲಿ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

3. ಓದುವ ಮಿದುಳಿನ ರಚನೆ

ಮಾತು ಮಾನವಕುಲದಷ್ಟೇ ಹಳೆಯದು. ಬರಹಕ್ಕಾದರೋ ಐದು ಸಾವಿರ ವರ್ಷಗಳಿಗಿಂತ ತುಸು ಹೆಚ್ಚಿನ ವಯಸ್ಸು ಮಾತ್ರ. ಕನ್ನಡ ಬರಹಕ್ಕೆ ಹಲ್ಮಿಡಿ ಶಾಸನದ ಕಾಲದಿಂದ ಲೆಕ್ಕಹಾಕಿದರೆ ಸುಮಾರು ಸಾವಿರದ ಐನೂರು ವರ್ಷ. ಜೀವವಿಕಾಸದ ದೃಷ್ಟಿಯಿಂದ ಇದು ಕ್ಷಣಮಾತ್ರ. ಆದ್ದರಿಂದ ಓದುವುದಕ್ಕೆಂದೇ ಮೀಸಲಾದ ಅಂಗವೊಂದು ಮಿದುಳಿನಲ್ಲಿ ಹುಟ್ಟಿನಿಂದ ಇರಲಾರದು. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹೆನ್ ಅವರು ಈ ಸಮಸ್ಯೆಗೆ ನೀಡಿದ ಉತ್ತರ ಪ್ರಸಿದ್ಧವಾಗಿದೆ: ಮುಖ, ವಸ್ತು, ಆಕಾರಗಳನ್ನು ಗುರುತಿಸಲು ರೂಪುಗೊಂಡ ನರಜಾಲದ ಒಂದು ಭಾಗವನ್ನು ಓದು ತನ್ನ ಕೆಲಸಕ್ಕೆ ಒಗ್ಗಿಸಿಕೊಳ್ಳುತ್ತದೆ.

ಆ ಭಾಗ ಎಡ ಮಿದುಳಿನ ಹಿಂಬದಿಯ ತಳದಲ್ಲಿದೆ. ಕಣ್ಣಿನಿಂದ ಬಂದ ಸಂಕೇತ ಮೊದಲು ಮಿದುಳಿನ ಹಿಂಭಾಗದ ದೃಷ್ಟಿಕ್ಷೇತ್ರವನ್ನು ತಲುಪುತ್ತದೆ. ಅಲ್ಲಿಂದ ಈ ಪದರೂಪದ ನೆಲೆಗೆ ಬಂದು, ಮುಂದೆ ಧ್ವನಿಯನ್ನು ಮತ್ತು ಅರ್ಥವನ್ನು ನಿರ್ವಹಿಸುವ ಪಾರ್ಶ್ವದ ಹಾಗೂ ಮುಂಭಾಗದ ನೆಲೆಗಳೊಡನೆ ಬೆಸೆದುಕೊಳ್ಳುತ್ತದೆ. ಇದೆಲ್ಲ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ನಡೆಯುತ್ತದೆ. ಪಳಗಿದ ಓದುಗನ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಜಿಗಿಜಿಗಿದು ನಿಲ್ಲುತ್ತದೆ. ಪ್ರತಿ ನಿಲುಗಡೆಯೂ ಒಂದು ಸೆಕೆಂಡಿನ ಕಾಲುಭಾಗದಷ್ಟು ಮಾತ್ರ.

ಹೀಗೆ ಪಳಗಿದ ಮೇಲೆ ಓದು ನಮ್ಮ ಇಚ್ಛೆಯನ್ನೂ ಮೀರುತ್ತದೆ. ಅವೆನ್ಯೂ ರಸ್ತೆಯಲ್ಲಿ ನಡೆಯುವ ಅಕ್ಷರಸ್ಥನು ಅಂಗಡಿಗಳ ಹೆಸರುಹಲಗೆಗಳನ್ನು ಓದದೆ ಇರಲಾರನು. ಓದಬಾರದೆಂದು ನಿಶ್ಚಯಿಸಿಕೊಂಡರೂ ಕಣ್ಣಿಗೆ ಬಿದ್ದ ಪದ ಮನಸ್ಸಿನಲ್ಲಿ ನುಡಿದುಬಿಡುತ್ತದೆ. ಬಣ್ಣದ ಹೆಸರೊಂದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣವನ್ನು ಹೇಳಿ ಎಂದಾಗ ಜನ ತಡವರಿಸುವುದನ್ನು ಜಾನ್ ಸ್ಟ್ರೂಪ್ 1935ರಲ್ಲಿಯೇ ತೋರಿಸಿದ್ದನು. ಅದೇ ಬೀದಿಯಲ್ಲಿ ಹೊರೆ ಹೊತ್ತು ಸಾಗುವ ಓದುಬಾರದ ಹಮಾಲಿಯು ಅಂಗಡಿಯನ್ನು ಹಲಗೆಯ ಬಣ್ಣದಿಂದ, ಮೆಟ್ಟಿಲಿನಿಂದ, ಮಾಲೀಕರ ಮುಖದಿಂದ ಗುರುತಿಸುತ್ತಾನೆ. ಇಬ್ಬರ ಬುದ್ಧಿಯಲ್ಲಿ ಮೇಲುಕೀಳಿಲ್ಲ. ಇಬ್ಬರ ನರಜಾಲಗಳು ಪಡೆದ ಅಭ್ಯಾಸ ಬೇರೆ. ವಿಶೇಷ ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ಕನ್ನಡಿಗರನ್ನು ‘ಕವಿರಾಜಮಾರ್ಗ’ ಕೊಂಡಾಡಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ನಿರಕ್ಷರತೆ ಭಾಷಾಹೀನತೆಯಲ್ಲ.

ಈ ಅಭ್ಯಾಸ ಬಾಲ್ಯಕ್ಕೆ ಸೀಮಿತವೂ ಅಲ್ಲ. ಬ್ರೆಜಿಲ್ ಮತ್ತು ಪೋರ್ಚುಗಲ್‌ಗಳ ವಯಸ್ಕರನ್ನು ಕುರಿತ 2010ರ ಅಧ್ಯಯನವೊಂದರಲ್ಲಿ, ದೊಡ್ಡವರಾದ ಮೇಲೆ ಓದು ಕಲಿತವರ ಮಿದುಳಿನಲ್ಲಿಯೂ ಬದಲಾವಣೆಗಳು ಕಂಡುಬಂದವು. ಲಖನೌ ಸುತ್ತಲಿನ ಹಳ್ಳಿಗಳ ನಿರಕ್ಷರ ವಯಸ್ಕರು ಆರು ತಿಂಗಳ ಕಾಲ ದೇವನಾಗರಿ ಕಲಿತ ಮೇಲೆ ನಡೆಸಿದ ಪರೀಕ್ಷೆಗಳು 2017ರಲ್ಲಿ ಪ್ರಕಟವಾದವು. ಮಿದುಳಿನ ಮೇಲ್ಪದರವಷ್ಟೇ ಅಲ್ಲ, ಒಳಗಿನ ಆಳದ ಭಾಗಗಳ ಹೊಂದಾಣಿಕೆಯೂ ಬದಲಾದುದನ್ನು ಅವು ಸೂಚಿಸಿದವು. ಓದು ಕಲಿತರೆ ಮುಖಗಳನ್ನು ಗುರುತಿಸುವ ನೆಲೆ ಕುಗ್ಗಬಹುದೆಂಬ ಊಹೆಗೆ, ಅದೇ ಪ್ರದೇಶದ ಜನರನ್ನು ಕುರಿತ 2019ರ ಅಧ್ಯಯನದಲ್ಲಿ ಬೆಂಬಲ ದೊರೆಯಲಿಲ್ಲ. ಮಿದುಳು ನಡವಳಿಕೆಯನ್ನು ರೂಪಿಸುವಂತೆ ನಡವಳಿಕೆಯೂ ಮಿದುಳನ್ನು ರೂಪಿಸುತ್ತದೆ. ಅಧ್ಯಾಪಕರಾದವರಿಗೆ ಇದಕ್ಕಿಂತ ಭರವಸೆಯ ಮಾತು ಬೇರೊಂದಿಲ್ಲ.

4. ಕನ್ನಡ ಅಕ್ಷರದ ವೈಶಿಷ್ಟ್ಯ

ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ 26 ಅಕ್ಷರಗಳಿವೆ. ಕನ್ನಡದ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49. ಆದರೆ ಮಗು ಗುರುತಿಸಬೇಕಾದ ರೂಪಗಳು ಅಷ್ಟಕ್ಕೆ ನಿಲ್ಲುವುದಿಲ್ಲ. 34 ವ್ಯಂಜನಗಳ ಕಾಗುಣಿತವನ್ನು ಯೋಗವಾಹಸಹಿತವಾಗಿ ಬರೆದರೆ 510 ರೂಪಗಳಾಗುತ್ತವೆ. ಬಳಕೆಯಲ್ಲಿ ಅಪರೂಪವಾದವನ್ನು ಬಿಟ್ಟರೂ ನೂರಾರು ಉಳಿಯುತ್ತವೆ. ಒತ್ತಕ್ಷರಗಳು ಸೇರಿದರೆ ಸಂಖ್ಯೆ ಇನ್ನೂ ಬೆಳೆಯುತ್ತದೆ.

ಇವು ಹರಡಿಕೊಂಡಿರುವ ರೀತಿಯೂ ವಿಶಿಷ್ಟವಾದುದು. ‘ಕಿ’ಯಲ್ಲಿ ಸ್ವರಚಿಹ್ನೆ ಮೇಲಿದೆ, ‘ಕು’ವಿನಲ್ಲಿ ಬಲಕ್ಕಿದೆ, ‘ಕೊ’ದಲ್ಲಿ ಮೇಲೂ ಬಲಕ್ಕೂ ಇದೆ, ‘ಕ್ಕ’ದಲ್ಲಿ ಒತ್ತು ಕೆಳಗಿದೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತನ್ನು ಬಳಸಿದಾಗ, ಮೊದಲು ನುಡಿಯುವ ರಕಾರ ಯಕಾರದ ನಂತರ ಕಾಣಿಸಿಕೊಳ್ಳುತ್ತದೆ. ಕಣ್ಣಿನ ಕ್ರಮ ಒಂದು, ಕಿವಿಯ ಕ್ರಮ ಇನ್ನೊಂದು. ‘ಮ’ ಮತ್ತು ‘ವು’, ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ ಇಂತಹ ಜೋಡಿಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಗೆರೆ ಅಥವಾ ಕೊಂಡಿ ಮಾತ್ರ. ಹೀಗೆ ಕನ್ನಡದಲ್ಲಿ ಧ್ವನಿನಿಯಮ ಸುಲಭ, ಅಕ್ಷರರೂಪ ಕಷ್ಟ. ಇಂಗ್ಲಿಷಿನಲ್ಲಿ ಅಕ್ಷರರೂಪ ಸುಲಭ, ಧ್ವನಿನಿಯಮ ಕಷ್ಟ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ ಇಲ್ಲಿ ಉಲ್ಲೇಖನೀಯ. ಅಕ್ಷರಜ್ಞಾನದ ಗಳಿಕೆ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ, ಬಿಡಿಧ್ವನಿಗಳ ಅರಿವು ಅಕ್ಷರದ ಅರಿವಿಗಿಂತ ನಿಧಾನವಾಗಿ ಬೆಳೆಯುತ್ತದೆ ಎಂಬುದು ಅದರಿಂದ ತಿಳಿದುಬರುತ್ತದೆ. ಒಂದನೆಯ ತರಗತಿಯ ಕೊನೆಗೆ ಕಾಗುಣಿತ ‘ಮುಗಿಯಿತು’ ಎಂದು ಭಾವಿಸಿ ಮುಂದೆ ಸಾಗುವ ನಮ್ಮ ರೂಢಿಗೂ ಮಗುವಿನ ಮಿದುಳಿನ ವೇಗಕ್ಕೂ ಹೊಂದಿಕೆಯಿಲ್ಲವೆಂದಾಯಿತು.

ಬರವಣಿಗೆಯ ಪಾತ್ರವನ್ನೂ ಮರೆಯಬಾರದು. ಇನ್ನೂ ಓದಲು ಕಲಿಯದ ಮಕ್ಕಳನ್ನು ಕುರಿತ 2012ರ ಪ್ರಯೋಗವೊಂದರಲ್ಲಿ, ಅಕ್ಷರವನ್ನು ಕೈಯಾರೆ ಬರೆದಾಗ ಓದಿನ ನರಜಾಲ ಎಚ್ಚರಗೊಂಡಿತು. ಕೀಲಿಮಣೆ ಒತ್ತಿದಾಗಲೂ, ಗೆರೆಯ ಮೇಲೆ ತಿದ್ದಿದಾಗಲೂ ಅಷ್ಟು ಎಚ್ಚರಗೊಳ್ಳಲಿಲ್ಲ. ತಿದ್ದಿಸುವುದು ಆರಂಭಕ್ಕೆ ಆಸರೆ. ಮಗು ತಾನಾಗಿ, ಸೊಟ್ಟಗಾದರೂ ಸರಿ, ಬರೆಯುವುದೇ ಮುಂದಿನ ಹೆಜ್ಜೆ.

5. ಸಂಧಿಪಾಠದ ತೊಡಕು

ಮೇಲಿನ ಸಂಗತಿಗಳು ಪ್ರಾಥಮಿಕ ಶಾಲೆಗೆ ಮಾತ್ರ ಸಂಬಂಧಿಸಿದವಲ್ಲ. ಪಿ. ಪ್ರಕಾಶ್, ಪ್ರತಿಭಾ ಕಾರಂತ ಮೊದಲಾದವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಭಾರತೀಯ ಲಿಪಿಯನ್ನು ಮಾತ್ರ ಬಲ್ಲ ಓದುಗರು ಪದವನ್ನು ಅಕ್ಷರಗಳಾಗಿ ಸುಲಭವಾಗಿ ಒಡೆಯುತ್ತಾರೆ. ಬಿಡಿಧ್ವನಿಗಳಾಗಿ ಒಡೆಯುವಾಗ ತಡವರಿಸುತ್ತಾರೆ. ಇಂಗ್ಲಿಷ್ ಓದನ್ನೂ ಕಲಿತವರಿಗೆ ಅದು ಸುಲಭ. ಅಂದರೆ ಬಿಡಿಧ್ವನಿಯ ಅರಿವು ಮಾತಿನಿಂದ ತಾನಾಗಿ ಬರುವುದಿಲ್ಲ. ಕಲಿತ ಲಿಪಿ ಅದನ್ನು ರೂಪಿಸುತ್ತದೆ.

ಪದವಿ ತರಗತಿಗಳಲ್ಲಿ ಸಂಧಿಪ್ರಕರಣವನ್ನು ಬೋಧಿಸಿದವರೆಲ್ಲರೂ ಇದರ ಪರಿಣಾಮವನ್ನು ಕಂಡೇ ಇರುತ್ತಾರೆ. ‘ಊರು + ಅಲ್ಲಿ = ಊರಲ್ಲಿ’ ಎಂಬಲ್ಲಿ ಲೋಪವಾದುದು ಯಾವುದು ಎಂದು ಕೇಳಿದರೆ, ವಿದ್ಯಾರ್ಥಿ ‘ಅಕಾರ’ ಎನ್ನುತ್ತಾನೆ. ನಾವು ತಪ್ಪೆಂದು ಅಂಕ ಕಳೆಯುತ್ತೇವೆ. ಆದರೆ ಅವನ ಕಣ್ಣಿಗೆ ಕಂಡುದೇನು? ‘ಅ’ ಎಂಬ ಬಿಡಿ ಅಕ್ಷರ ಹಾಳೆಯಿಂದ ಮಾಯವಾಗಿದೆ. ‘ರು’ ಇದ್ದಲ್ಲಿ ‘ರ’ ಉಳಿದಿದೆ. ಲೋಪವಾದ ಉಕಾರ ರಕಾರದೊಳಗೆ ಅಡಗಿದ್ದುದರಿಂದ ಅದರ ಕಣ್ಮರೆ ಎದ್ದುಕಾಣುವುದಿಲ್ಲ. ಹಾಗೆಯೇ ‘ಮನೆ + ಅನ್ನು = ಮನೆಯನ್ನು’ ಎಂಬುದನ್ನು ಅವನು ಆದೇಶಸಂಧಿ ಎನ್ನುತ್ತಾನೆ. ‘ಅ’ ಇದ್ದ ಜಾಗದಲ್ಲಿ ‘ಯ’ ಬಂದಿದೆಯಲ್ಲ! ಅಕ್ಷರವನ್ನೇ ಘಟಕವಾಗಿ ಹಿಡಿದ ಮಿದುಳಿಗೆ ಇದು ತರ್ಕಬದ್ಧವಾದ ಉತ್ತರವೇ. ‘ಮಳೆ + ಕಾಲ = ಮಳೆಗಾಲ’ ಎಂಬಲ್ಲಿ ಮಾತ್ರ ಅವನು ಎಡವುವುದು ಕಡಿಮೆ; ಏಕೆಂದರೆ ಅಲ್ಲಿ ಬದಲಾವಣೆ ಕಣ್ಣಿಗೆ ಕಾಣುವಂತಿದೆ.

ಕೇಶಿರಾಜಾದಿಗಳು ಸಂಧಿಯನ್ನು ವಿವರಿಸಿದ್ದು ವರ್ಣದ ಮಟ್ಟದಲ್ಲಿ; ವಿದ್ಯಾರ್ಥಿ ಓದುವುದು ಅಕ್ಷರದ ಮಟ್ಟದಲ್ಲಿ. ಈ ಎರಡು ಮಟ್ಟಗಳ ನಡುವಿನ ಮೆಟ್ಟಿಲನ್ನು ಕಟ್ಟದೆ ಸೂತ್ರವನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ‘ಊರ್ + ಉ + ಅಲ್ಲಿ’ ಎಂದು ವ್ಯಂಜನ–ಸ್ವರಗಳನ್ನು ಬಿಡಿಸಿ ಬರೆಯುವ ಅಭ್ಯಾಸವನ್ನು ಮೊದಲು ಕೆಲವು ದಿನ ಮಾಡಿಸಿ, ಆನಂತರ ಸಂಧಿಯನ್ನು ಆರಂಭಿಸಿದರೆ ಈ ತೊಡಕು ಬಹಳಮಟ್ಟಿಗೆ ಸಡಿಲಗೊಳ್ಳುವುದನ್ನು ಪ್ರಸ್ತುತ ಲೇಖಕನು ತನ್ನ ತರಗತಿಗಳಲ್ಲಿ ಗಮನಿಸಿದ್ದಾನೆ.

6. ಓದಲಾಗದ ಮಗು

ಎಲ್ಲ ಮಕ್ಕಳಿಗೂ ಒಂದೇ ಬಗೆಯ ಅಭ್ಯಾಸ ಸಾಲದು. ಸಾಮಾನ್ಯ ಬುದ್ಧಿಶಕ್ತಿ, ಸರಿಯಾದ ಕಣ್ಣು–ಕಿವಿ, ತಕ್ಕ ಬೋಧನೆ ಎಲ್ಲವೂ ಇದ್ದೂ ಓದು ಕೈಗೂಡದಿರುವುದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಜಾಣನಾದರೂ ಓದಲಾಗದ ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಕುರಿತು ಬರೆದನು. ಇದು ಕುಟುಂಬಗಳಲ್ಲಿ ಹರಿದುಬರುವ ಸಾಧ್ಯತೆಯುಳ್ಳದ್ದೆಂದೂ, ಎಡ ಮಿದುಳಿನ ಓದಿನ ಜಾಲದ ಕಾರ್ಯವ್ಯತ್ಯಾಸದೊಡನೆ ಸಂಬಂಧ ಹೊಂದಿದೆಯೆಂದೂ ಈಗ ತಿಳಿದಿದೆ.

ಇಲ್ಲಿ ನಡವಳಿಕೆಯ ಪ್ರಶ್ನೆ ಮತ್ತೊಂದು ಮುಖವನ್ನು ಪಡೆಯುತ್ತದೆ. ಓದಲಾಗದ ಮಗು ಪುಸ್ತಕವನ್ನು ಮರೆತುಬರುತ್ತದೆ, ತನ್ನ ಸರದಿ ಬರುವಾಗ ನೀರು ಕುಡಿಯಲು ಹೋಗುತ್ತದೆ, ಹೊಟ್ಟೆನೋವೆನ್ನುತ್ತದೆ, ಪಕ್ಕದವನನ್ನು ಕೆಣಕುತ್ತದೆ. ನಾವು ಕಾಣುವುದು ಈ ನಡವಳಿಕೆಯನ್ನು. ನಾವಿಡುವ ಹೆಸರು ಸೋಮಾರಿ, ದಡ್ಡ, ತುಂಟ. ಅದರ ಹಿಂದಿರುವುದು ಎಲ್ಲರೆದುರು ಅವಮಾನಗೊಳ್ಳುವ ಭಯ. ಎಲ್ಲ ಹಿಂಜರಿಕೆಗೂ ಡಿಸ್ಲೆಕ್ಸಿಯಾ ಕಾರಣವಲ್ಲ. ಬಡತನ, ಗೈರುಹಾಜರಿ, ಮನೆಮಾತು ಬೇರೆಯಾಗಿರುವುದು, ಬೋಧನೆಯ ಕೊರತೆ ಇವೂ ಕಾರಣಗಳೇ. ಇವುಗಳನ್ನು ಬೇರ್ಪಡಿಸಿ ತಿಳಿಯಲು ಕನ್ನಡದ್ದೇ ಆದ ಪರೀಕ್ಷೆಗಳು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಕೆ.ಎಸ್. ಪ್ರೇಮಾ ಅವರು 1990ರ ದಶಕದ ಕೊನೆಯ ಭಾಗದಲ್ಲಿ ರೂಪಿಸಿದ ಕನ್ನಡ ಓದುಗಳಿಕೆಯ ಪರೀಕ್ಷಾಸಾಧನ ಈ ದಿಸೆಯಲ್ಲಿ ಮಹತ್ವದ್ದು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಮಾನ್ಯಮಾಡಿದೆ.

ಹೆಸರು ಬದಲಾದಂತೆ ನೋಟ ಬದಲಾಗುವುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಇಲ್ಲಿ ಹುಟ್ಟಿಕೊಂಡ ‘ಹುಚ್ಚಾಸ್ಪತ್ರೆ’ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯಕೀಯ ವಿಷಯಗಳನ್ನು ಕುರಿತ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹುಚ್ಚೆಂಬ ಬೈಗುಳ ರೋಗದ ಹೆಸರಾಗಿ ಬದಲಾಗಲು ಒಂದು ಶತಮಾನ ಹಿಡಿಯಿತು. ದಡ್ಡನೆಂಬ ಬೈಗುಳಕ್ಕೆ ಅಷ್ಟು ಕಾಲ ಬೇಕಾಗಬಾರದು.

7. ಮಹಾಪ್ರಾಣದ ಚರ್ಚೆ

ಕನ್ನಡ ಬರಹದಿಂದ ಮಹಾಪ್ರಾಣಾಕ್ಷರಗಳನ್ನು ಕೈಬಿಡಬೇಕೆಂದು ಡಿ.ಎನ್. ಶಂಕರ ಭಟ್ ಅವರು ಪ್ರತಿಪಾದಿಸಿದ್ದು, ಅದನ್ನು ಹಲವರು ವಿರೋಧಿಸಿದ್ದು ತಿಳಿದ ವಿಷಯ. ವಾದ ಬಹುಮಟ್ಟಿಗೆ ಉಚ್ಚಾರಣೆ, ಪರಂಪರೆ, ಸಂಸ್ಕೃತದೊಡನಿನ ಸಂಬಂಧ ಇವುಗಳ ಸುತ್ತ ನಡೆದಿದೆ. ಓದುವ ಮಿದುಳಿನ ದೃಷ್ಟಿಯಿಂದ ನೋಡಿದರೆ ಎರಡು ಬೇರೆ ಓದುಗರು ಎದುರಾಗುತ್ತಾರೆ. ಕಲಿಯುವ ಮಗುವಿಗೆ, ಮಾತಿನಲ್ಲಿ ಕೇಳದ ಭೇದವನ್ನು ಒಂದು ಸಣ್ಣ ಗೆರೆಯ ಆಧಾರದ ಮೇಲೆ ನೆನಪಿಡುವುದು ನಿಜಕ್ಕೂ ಹೊರೆ. ಪಳಗಿದ ಓದುಗನಿಗಾದರೋ ಪದದ ಒಟ್ಟು ರೂಪ ಸ್ಥಿರವಾಗಿರುವುದೇ ವೇಗಕ್ಕೆ ಆಧಾರ. ‘ಭಾರ’ ಮತ್ತು ‘ಬಾರ’ ಬೇರೆಯಾಗಿ ಕಾಣುವುದು ಅವನಿಗೆ ಅನುಕೂಲ. ಆದ್ದರಿಂದ ನರವಿಜ್ಞಾನವು ಈ ವಾದದಲ್ಲಿ ಯಾವ ಪಕ್ಷದ ಸಾಕ್ಷಿಯೂ ಅಲ್ಲ. ಬರಹದ ಸುಧಾರಣೆಯನ್ನು ಕುರಿತ ತೀರ್ಮಾನಗಳು ಕನ್ನಡದ ಮಕ್ಕಳೂ ವಯಸ್ಕರೂ ನಿಜವಾಗಿ ಓದುವ ರೀತಿಯ ಪರೀಕ್ಷೆಯನ್ನು ಆಧರಿಸಬೇಕು ಎಂಬುದಷ್ಟನ್ನು ಅದು ಹೇಳಬಲ್ಲದು. ಅಲ್ಲಿಯವರೆಗೆ, ಮಹಾಪ್ರಾಣ ತಪ್ಪಿದ ಮಗುವಿನ ಬರಹದಲ್ಲಿ ಅರ್ಥ ಸರಿಯಿದ್ದರೆ, ತಪ್ಪನ್ನು ತಿದ್ದುವುದು ಬೇರೆ, ಮಗುವನ್ನು ಅಳೆಯುವುದು ಬೇರೆ ಎಂಬ ವಿವೇಕ ನಮಗಿರಬೇಕು.

8. ಉಪಸಂಹಾರ

ಒಟ್ಟಿನಲ್ಲಿ, ಓದು ಹುಟ್ಟುಗುಣವಲ್ಲ. ನರಜಾಲವು ದೀರ್ಘ ಅಭ್ಯಾಸದಿಂದ ಪಡೆಯುವ ಸಂಸ್ಕಾರ. ಆ ಸಂಸ್ಕಾರದ ವೇಗ ಲಿಪಿಯ ಸ್ವರೂಪಕ್ಕೂ ಮಗುವಿನ ಮಿದುಳಿನ ಸ್ವಭಾವಕ್ಕೂ ಅನುಗುಣವಾಗಿರುತ್ತದೆ. ಇಂಗ್ಲಿಷನ್ನು ಆಧರಿಸಿದ ನಿರ್ಣಯಗಳು ಕನ್ನಡಕ್ಕೆ ಸಾಲವು. ಮನಶ್ಶಾಸ್ತ್ರಜ್ಞರೂ ವಾಕ್‌ತಜ್ಞರೂ ದಶಕಗಳಿಂದ ಈ ಕೆಲಸದಲ್ಲಿ ತೊಡಗಿದ್ದಾರೆ. ಅಕ್ಷರ, ವರ್ಣ, ಸಂಧಿ, ಕಾಗುಣಿತಗಳ ಬಗ್ಗೆ ಸಾವಿರ ವರ್ಷಗಳ ಚಿಂತನೆಯ ವಾರಸುದಾರರಾದ ಕನ್ನಡ ವಿಭಾಗಗಳು ಅವರೊಡನೆ ಕೈಜೋಡಿಸಬೇಕಾಗಿದೆ.

ಅವೆನ್ಯೂ ರಸ್ತೆಯ ಆ ಅಂಗಡಿಯಲ್ಲಿ ತಂದೆ ಕೊನೆಗೂ ಒಂದನೆಯ ತರಗತಿಯ ಕಾಗುಣಿತ ಪುಸ್ತಕವನ್ನೇ ಕೊಂಡರು. ಅದು ತಪ್ಪೇನಲ್ಲ, ಆ ಹುಡುಗನಿಗೆ ಬೇಕಾದ ಅಭ್ಯಾಸ ಅದರಲ್ಲಿಯೂ ಇದೆ. ಆದರೆ ಪುಸ್ತಕದೊಡನೆ ಅವನಿಗೆ ಇನ್ನೂ ಒಂದು ಬೇಕಿತ್ತು. ಅವನ ಕಷ್ಟ ಅವನ ಗುಣದೋಷವಲ್ಲ ಎಂಬುದನ್ನು ಬಲ್ಲ ಒಬ್ಬ ಅಧ್ಯಾಪಕ ಬೇಕಿತ್ತು. ಅಂತಹ ಅಧ್ಯಾಪಕರನ್ನು ಸಿದ್ಧಪಡಿಸುವ ಹೊಣೆ ನಮ್ಮ ಸ್ನಾತಕೋತ್ತರ ತರಗತಿಗಳ ಮೇಲಿದೆ.